ವಸಂತದ ವಲಸೆಯೂ ಹಗುರವಾದ ಹೊರೆಯೂ

ಪರದೇಶಕ್ಕೆ ಹೊರಡುವವನು ದಾರಿಯನ್ನು ವಿಚಾರಿಸುವುದಕ್ಕೆ ಮುಂಚೆಯೇ ತನ್ನ ಹೊರೆಯನ್ನು ವಿಚಾರಿಸಬೇಕಾಗುತ್ತದೆ. ಒಯ್ಯತಕ್ಕದ್ದು ಯಾವುದು, ಬಿಟ್ಟುಹೋಗತಕ್ಕದ್ದು ಯಾವುದು ಎಂಬ ವಿವೇಚನೆಯು ನಮ್ಮ ಹಿರಿಯರಿಗೆ ಹೊಸದಾಗಿರಲಿಲ್ಲ. ಸಂನ್ಯಾಸಿಗೆ ದಂಡ, ಕಮಂಡಲು, ಕಾಷಾಯವಸ್ತ್ರಗಳು ಸಾಕೆಂದು ಧರ್ಮಶಾಸ್ತ್ರಕಾರರು ಹೇಳಿದರು. ದಿಗಂಬರ ಜೈನಮುನಿಗೆ ಪಿಂಛವೂ ಕಮಂಡಲುವೂ ಸಾಕು. ಬೌದ್ಧಭಿಕ್ಷುವಿಗೆ ಮೂರು ಚೀವರಗಳು, ಭಿಕ್ಷಾಪಾತ್ರೆ, ಕ್ಷೌರದ ಕತ್ತಿ, ಸೂಜಿ, ನಡುಪಟ್ಟಿ, ನೀರು ಸೋಸುವ ಬಟ್ಟೆ ಎಂದು ಎಂಟು ಪರಿಷ್ಕಾರಗಳನ್ನು ಎಣಿಸಿದರು. ಇವೆಲ್ಲವೂ ತಾವಾಗಿಯೇ ಮನೆಯನ್ನು ತೊರೆದವರಿಗೆ ವಿಧಿಸಿದ ನಿಯಮಗಳು. ತೊರೆಯುವ ಇಚ್ಛೆಯೇ ಇಲ್ಲದೆ, ರಾತ್ರಿ ಬೆಳಗಾಗುವುದರೊಳಗೆ ಹೊರಟುಬರಬೇಕಾದ ಒಂದು ಜನಾಂಗವು ತನ್ನೊಡನೆ ಏನನ್ನು ತಂದಿತು ಎಂಬುದನ್ನು ತಿಳಿಯಬೇಕಾದರೆ ಕುಶಾಲನಗರದಿಂದ ಬಹು ದೂರ ಹೋಗಬೇಕಾಗಿಲ್ಲ. ಕಾವೇರಿಯ ಸೇತುವೆಯನ್ನು ದಾಟಿ ಮೈಸೂರಿನ ಕಡೆಗೆ ಐದಾರು ಕಿಲೋಮೀಟರು ನಡೆದರೆ ಸಾಕು. ಪಿರಿಯಾಪಟ್ಟಣದ ಸೀಮೆಗೆ ಸೇರಿದ ಬೈಲಕುಪ್ಪೆಯಲ್ಲಿ ಆ ಜನಾಂಗವು ಅರುವತ್ತು ವರ್ಷಗಳಿಗೂ ಮಿಕ್ಕಿ ಬಾಳುತ್ತಿದೆ.

ಕುಶಾಲನಗರವು ಮೊದಲಿನಿಂದಲೂ ಹಾದುಹೋಗುವವರ ಊರು. ಮೈಸೂರಿನ ಬಯಲು ಮುಗಿದು ಕೊಡಗಿನ ಬೆಟ್ಟಗಳು ಆರಂಭವಾಗುವ ಎಡೆಯಲ್ಲಿ, ಹೊಳೆಯ ದಡದಲ್ಲಿ ಅದು ನಿಂತಿದೆ. ಹೈದರಾಲಿಯು ಇಲ್ಲಿ ಪಾಳೆಯವಿಳಿದಿದ್ದಾಗ ಅವನಿಗೆ ಮಗನು ಹುಟ್ಟಿದ ವಾರ್ತೆ ಬಂದಿತೆಂದೂ, ಆ ಸಂತೋಷದಿಂದ ಊರಿಗೆ ಈ ಹೆಸರನ್ನಿಟ್ಟನೆಂದೂ ಜನರು ಹೇಳುವುದುಂಟು. ಆದರೆ ಟಿಪ್ಪುವು ಹುಟ್ಟಿದ್ದು ೧೭೫೦ರಲ್ಲಿ. ಹೈದರನ ದಂಡು ಕೊಡಗಿನ ಮೇಲೆ ಬಂದದ್ದು ಅದಕ್ಕೆ ಎಷ್ಟೋ ವರ್ಷಗಳ ಅನಂತರ. ಆದಕಾರಣ ಈ ಕಥೆಯನ್ನು ಚರಿತ್ರೆಯೆಂದು ಒಪ್ಪುವುದು ಕಷ್ಟ. ಬ್ರಿಟಿಷರ ಕಾಲದಲ್ಲಿ ಊರು ಫ್ರೇಸರ್‌ಪೇಟೆಯೆನಿಸಿತ್ತು. ೧೮೩೪ರಲ್ಲಿ ಕೊಡಗನ್ನು ಕಂಪೆನಿಯ ಸ್ವಾಧೀನಕ್ಕೆ ತೆಗೆದುಕೊಂಡ ಕರ್ನಲ್ ಫ್ರೇಸರನ ಹೆಸರು ಅದು.

ಆ ೧೮೩೪ರ ವಸಂತದಲ್ಲಿಯೂ ಕೊಡಗು ಒಂದು ನಿರ್ಗಮನವನ್ನು ಕಂಡಿತು. ಹಾಲೇರಿ ವಂಶದ ಕಡೆಯ ಅರಸನಾದ ಚಿಕವೀರರಾಜೇಂದ್ರನು ಏಪ್ರಿಲ್ ತಿಂಗಳಿನಲ್ಲಿ ರಾಜ್ಯವನ್ನು ಕಳೆದುಕೊಂಡು, ರಾಣಿಯರು, ಪರಿವಾರ, ಒಡವೆವಸ್ತುಗಳೊಡನೆ ದೇಶವನ್ನು ಬಿಟ್ಟುಹೋದನು. ವೇಲೂರಿನಲ್ಲಿ ಕೆಲವು ಕಾಲ, ಕಾಶಿಯಲ್ಲಿ ಬಹುಕಾಲ ಕಳೆದ ಮೇಲೆ, ೧೮೫೨ರಲ್ಲಿ ಮಗಳಾದ ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಪ್ರಯಾಣಮಾಡಿದನು. ಆ ಬಾಲಿಕೆಗೆ ಅದೇ ವರ್ಷ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ಕ್ರೈಸ್ತದೀಕ್ಷೆ ಕೊಡಿಸಿದಳು. ಅರಸನಾದರೋ ತನ್ನ ವಂಶದವರು ಕಂಪೆನಿಯಲ್ಲಿಟ್ಟಿದ್ದ ಹಣಕ್ಕಾಗಿ ಅಲ್ಲಿಯ ನ್ಯಾಯಾಲಯದಲ್ಲಿ ವ್ಯಾಜ್ಯವನ್ನು ಹೂಡಿದನು. ಹಣವು ಕೈಸೇರಲಿಲ್ಲ. ೧೮೫೯ರಲ್ಲಿ ಅವನು ಲಂಡನ್ನಿನಲ್ಲಿಯೇ ತೀರಿಕೊಂಡನು. ಅವನು ಹೊತ್ತುಹೋದದ್ದು ಒಡವೆಯ ಭಾರವನ್ನೂ, ಬರಬೇಕಾದ ಹಣದ ಕಾಗದಗಳನ್ನೂ. ಇಂತಹ ಹೊರೆಗೆ ಕಾವಲುಗಾರರೂ ವಕೀಲರೂ ಬೇಕು; ಹೊತ್ತವನು ಅಳಿದರೆ ಅದು ಚದರಿಹೋಗುತ್ತದೆ. ಇದಕ್ಕೆ ಸರಿಯಾಗಿ ಒಂದು ಶತಮಾನವೂ ಕಾಲುಭಾಗವೂ ಕಳೆದ ಮೇಲೆ ಹಿಮಾಲಯದ ಆಚೆಯಲ್ಲಿ ನಡೆದ ವಸಂತದ ವಲಸೆಯ ಬಗೆಯೇ ಬೇರೆ.

೧೯೫೯ರ ಫೆಬ್ರವರಿ ಮಾರ್ಚಿ ತಿಂಗಳುಗಳಲ್ಲಿ ಟಿಬೆಟ್ಟಿನ ರಾಜಧಾನಿಯಾದ ಲ್ಹಾಸಾದಲ್ಲಿ ಹೊಸವರ್ಷದ ಹಬ್ಬವು ಮುಗಿದು ಮಹಾಪ್ರಾರ್ಥನೋತ್ಸವವು ನಡೆದಿತ್ತು. ಆಗ ಇಪ್ಪತ್ತಮೂರು ವರ್ಷದವರಾಗಿದ್ದ ಹದಿನಾಲ್ಕನೆಯ ದಲಾಯಿ ಲಾಮಾ ಅವರು ಆ ಉತ್ಸವದಲ್ಲಿಯೇ ಪಂಡಿತಸಭೆಯ ಎದುರಿಗೆ ತಮ್ಮ ಕಡೆಯ ಶಾಸ್ತ್ರಪರೀಕ್ಷೆಯನ್ನು ಕೊಟ್ಟರು. ಚೀನೀಯರ ದಂಡು ಪಟ್ಟಣದಲ್ಲಿ ಬೀಡುಬಿಟ್ಟಿತ್ತು. ಮಾರ್ಚಿ ೧೦ರಂದು ಜನರು ಸಾವಿರಗಟ್ಟಲೆ ಬಂದು, ತಮ್ಮ ಗುರುವನ್ನು ಶತ್ರುಗಳು ಒಯ್ದಾರೆಂಬ ಭಯದಿಂದ ನೊರ್ಬುಲಿಂಗ್ಕಾ ಎಂಬ ಅರಮನೆಯನ್ನು ಸುತ್ತುವರಿದು ನಿಂತರು. ೧೭ರ ರಾತ್ರಿ ದಲಾಯಿ ಲಾಮಾ ಅವರು ಸಿಪಾಯಿಯ ಉಡುಪನ್ನು ತೊಟ್ಟು, ಗುರುತು ಸಿಕ್ಕದಂತೆ ಕನ್ನಡಕವನ್ನು ತೆಗೆದಿಟ್ಟು, ಅರಮನೆಯಿಂದ ಹೊರಬಿದ್ದರು. ಒಂದು ಹೆಗಲಿನಲ್ಲಿ ಬಂದೂಕು. ಇನ್ನೊಂದರಲ್ಲಿ ಸುರುಳಿಸುತ್ತಿದ ಒಂದು ಪುರಾತನವಾದ ದೇವತಾಪಟ. ಅದು ಎರಡನೆಯ ದಲಾಯಿ ಲಾಮಾ ಅವರ ಸೊತ್ತಾಗಿದ್ದಿತು. ಸಾವಿರ ಕೋಣೆಗಳ ಪೋತಲ ಪ್ರಾಸಾದಕ್ಕೆ ಒಡೆಯರಾದವರು ತಮ್ಮ ಹೆಗಲಮೇಲೆ ಹೊತ್ತು ತಂದ ಪೂಜಾವಸ್ತು ಅದೊಂದೇ. ಹೊಳೆಯನ್ನು ದಾಟಿ, ಕಣಿವೆಗಳನ್ನೇರಿ, ಬ್ರಹ್ಮಪುತ್ರೆಯ ಮೇಲ್ಭಾಗವನ್ನು ದೋಣಿಯಿಂದ ಕಳೆದು, ಮಾರ್ಚಿ ೩೧ರಂದು ಅವರು ಭಾರತದ ಗಡಿಯನ್ನು ಸೇರಿದರು. ಆಗ ಅವರು ಆಮಶಂಕೆಯಿಂದ ಬಳಲಿ, ಚಮರೀಮೃಗಕ್ಕೂ ಹಸುವಿಗೂ ಹುಟ್ಟಿದ ಒಂದು ಪಶುವಿನ ಬೆನ್ನಮೇಲೆ ಕುಳಿತಿದ್ದರು. ಏಪ್ರಿಲ್ ೩ರಂದು ಪ್ರಧಾನಿ ನೆಹರೂ ಅವರು ಆಶ್ರಯಕೊಟ್ಟಿರುವ ವಿಷಯವನ್ನು ಲೋಕಸಭೆಯಲ್ಲಿ ತಿಳಿಸಿದರು. ೧೮ರಂದು ಪ್ರಯಾಣಿಕರು ಅಸ್ಸಾಮಿನ ತೇಜಪುರವನ್ನು ಮುಟ್ಟಿದರು. ಗುರುವಿನ ಹಿಂದೆ ಸುಮಾರು ೮೦,೦೦೦ ಮಂದಿ ಗಡಿಯನ್ನು ದಾಟಿಬಂದರು.

ಈ ಜನರ ಹೊರೆಯಲ್ಲಿ ಏನಿದ್ದಿತು? ನಮ್ಮ ಪಂಚಾಂಗದಲ್ಲಿ ಚೈತ್ರವು ಮಾವಿನ ಚಿಗುರಿನ ಕಾಲ. ಆ ಎತ್ತರದಲ್ಲಾದರೋ ಕಣಿವೆಗಳ ಮೇಲೆ ಇನ್ನೂ ಹಿಮವು ನಿಂತಿರುತ್ತದೆ. ಹಿಮ ಕರಗುವವರೆಗೆ ಕಾಯೋಣವೆಂದರೆ ಬೆನ್ನಟ್ಟಿ ಬರುವವರಿಗೂ ದಾರಿ ಸುಲಭವಾಗುತ್ತದೆ. ಆದಕಾರಣ ಕಾಲುನಡಗೆಯಲ್ಲಿ, ಅನೇಕ ವೇಳೆ ರಾತ್ರಿಯಲ್ಲಿ ನಡೆಯುವವನು ಹೊರಬಲ್ಲಷ್ಟೇ ಅವನ ಆಸ್ತಿ. ಇದಕ್ಕೆ ಅವರ ಹಳೆಯ ಬಾಳುವೆಯ ಕ್ರಮವೇ ಒದಗಿಬಂದಿತು. ಛುಬಾ ಎಂಬ ಅವರ ನಿಲುವಂಗಿಯು ಸಡಿಲವಾದ ದೊಡ್ಡ ಬಟ್ಟೆ. ಅದನ್ನು ನಡುವಿನಲ್ಲಿ ಬಿಗಿದು ಕಟ್ಟಿದರೆ ಎದೆಯ ಮೇಲಿನ ಮಡಿಕೆಯು ಚೀಲವಾಗುತ್ತದೆ. ಬಿಚ್ಚಿದರೆ ರಾತ್ರಿಗೆ ಹಾಸಿಗೆಯೂ ಹೊದಿಕೆಯೂ ಆಗುತ್ತದೆ. ನಮ್ಮ ಕುರುಬರ ಕಂಬಳಿಯು ಮಳೆಗೆ ಗೊಪ್ಪೆಯಾಗಿ, ಮಲಗುವಾಗ ಹಾಸಾಗಿ, ಕಾಳಿಗೆ ಚೀಲವಾಗಿ ಒದಗುವ ರೀತಿಯನ್ನು ಕಂಡವರಿಗೆ ಇದು ಆಶ್ಚರ್ಯವೆನಿಸದು. ಆ ಮಡಿಕೆಯಲ್ಲಿ ಚಹ ಕುಡಿಯುವುದಕ್ಕೆ ಒಂದು ಮರದ ಬಟ್ಟಲು, ಪ್ರತಿಯೊಬ್ಬರಿಗೂ ಅವರವರದೇ. ಕೊರಳಿನಲ್ಲಿ ರಕ್ಷೆಯ ಸಂಪುಟ.

ಬುತ್ತಿಯ ಮಾತು ಇನ್ನೂ ಸ್ವಾರಸ್ಯವಾದದ್ದು. ತ್ಸಂಪಾ ಎಂಬುದು ಹುರಿದ ಜವೆಗೋದಿಯ ಹಿಟ್ಟು. ತೊಗಲಿನ ಚೀಲದಲ್ಲಿ ತುಂಬಿಕೊಂಡರೆ ಬಹುಕಾಲ ಕೆಡದು. ಹುರಿದದ್ದರಿಂದ ಮತ್ತೆ ಬೇಯಿಸಬೇಕಾಗಿಲ್ಲ. ಒಲೆ ಹೊತ್ತಿಸಿ ಹೊಗೆಯೆಬ್ಬಿಸಿ ಬೆನ್ನಟ್ಟಿದವರಿಗೆ ಸುಳಿವು ಕೊಡಬೇಕಾಗಿಲ್ಲ. ಬಟ್ಟಲಿನಲ್ಲಿ ಬೆಣ್ಣೆಯ ಚಹವೋ, ಅದಿಲ್ಲವಾದರೆ ಬರಿಯ ನೀರೋ ಹಾಕಿ ಕಲಸಿದರೆ ಊಟ ಸಿದ್ಧ. ಕಲ್ಲಿನಂತೆ ಒಣಗಿಸಿದ ಗಿಣ್ಣಿನ ತುಂಡು ಜೊತೆಗಿದ್ದರೆ ನಡೆಯುತ್ತ ಬಾಯಲ್ಲಿಟ್ಟುಕೊಳ್ಳಬಹುದು. ಇದು ಕನ್ನಡಿಗರ ಹುರಿಹಿಟ್ಟಿನ ದಾಯಾದಿ. ಸಂಸ್ಕೃತ ಗ್ರಂಥಗಳಲ್ಲಿ ಹೇಳಿರುವ ಯವಸಕ್ತುವೇ ಇದು. ವೇದಕಾಲದ ಆರ್ಯರ ಬುತ್ತಿಯನ್ನು ಈ ಜನರು ಇಂದಿಗೂ ನಿತ್ಯದ ಆಹಾರವಾಗಿ ಉಳಿಸಿಕೊಂಡಿದ್ದಾರೆ.

ಹಗುರವಾದ ಹೊರೆಗೂ ಒಂದು ಅಪಾಯವುಂಟು. ಬಿಟ್ಟ ದೇಶಕ್ಕೆ ತಕ್ಕುದಾದದ್ದು ಸೇರಿದ ದೇಶಕ್ಕೆ ಒಗ್ಗದೆ ಹೋಗಬಹುದು. ಸುಮಾರು ೧೨,೦೦೦ ಅಡಿ ಎತ್ತರದ ಲ್ಹಾಸಾದಿಂದ ಹೊರಟವರು ಅಸ್ಸಾಮಿನ ಮಿಸಾಮಾರಿಯ ಬಿದಿರಿನ ಗುಡಿಸಲುಗಳಲ್ಲಿ ಬೇಸಗೆಯನ್ನೂ ಮಳೆಗಾಲವನ್ನೂ ಕಳೆಯಬೇಕಾಯಿತು. ದಪ್ಪ ಉಣ್ಣೆಯ ಬಟ್ಟೆ ಅಲ್ಲಿ ಶಿಕ್ಷೆಯಾಯಿತು. ನೀರು ಬೇರೆ, ಗಾಳಿ ಬೇರೆ, ಅನ್ನ ಬೇರೆ; ಅನೇಕರು ಜ್ವರಕ್ಕೂ ಅತಿಸಾರಕ್ಕೂ ತುತ್ತಾದರು. ಉಳಿದವರಲ್ಲಿ ಎಷ್ಟೋ ಮಂದಿ ಹಿಮಾಲಯದ ತಪ್ಪಲಿನಲ್ಲಿ ರಸ್ತೆಗೆ ಕಲ್ಲೊಡೆಯುವ ಕೂಲಿಗಳಾದರು. ಸುಮಾರು ೧,೫೦೦ ಭಿಕ್ಷುಗಳನ್ನು ಬಂಗಾಳದ ಬಕ್ಸಾ ಎಂಬಲ್ಲಿಯ ಹಳೆಯ ಕೋಟೆಯಲ್ಲಿ ಇರಿಸಲಾಯಿತು. ಬ್ರಿಟಿಷರು ಸ್ವಾತಂತ್ರ್ಯಹೋರಾಟಗಾರರನ್ನು ಸೆರೆಯಿಟ್ಟಿದ್ದ ಸ್ಥಳ ಅದು. ಅಲ್ಲಿ ಕ್ಷಯರೋಗವು ಹಲವರನ್ನು ಬಲಿತೆಗೆದುಕೊಂಡಿತು. ಆದರೂ ಸುಮಾರು ಹತ್ತು ವರ್ಷ ಅಲ್ಲಿ ಶಾಸ್ತ್ರಪಾಠವು ನಡೆಯಿತು. ಪುಸ್ತಕಗಳು ಬಹಳ ವಿರಳ. ಆದರೆ ಪಾಠ ಹೇಳುವವರ ಕಂಠದಲ್ಲಿ ಗ್ರಂಥಗಳು ಇದ್ದವು.

ಪ್ರಸ್ತುತ ವಿಷಯದ ತಿರುಳು ಇಲ್ಲಿಯೇ ಇದೆ. ಲ್ಹಾಸಾದ ಹತ್ತಿರ ೧೪೧೯ರಲ್ಲಿ ಸ್ಥಾಪಿತವಾದ ಸೆರಾ ಎಂಬ ವಿಹಾರದಲ್ಲಿ ವಿದ್ಯಾರ್ಥಿಯು ಮೊದಲು ಮೂಲಗ್ರಂಥಗಳನ್ನು ಕಂಠಪಾಠಮಾಡುತ್ತಾನೆ. ಆಮೇಲೆ ಅರ್ಥವನ್ನು ಕೇಳುತ್ತಾನೆ. ಕೊನೆಗೆ ಅಂಗಳದಲ್ಲಿ ನಿಂತು, ಪ್ರತಿ ಪ್ರಶ್ನೆಗೂ ಕೈತಟ್ಟಿ, ಸಹಪಾಠಿಯೊಡನೆ ವಾದಮಾಡುತ್ತಾನೆ. ಅವರ ಪಾಠಕ್ರಮಕ್ಕೆ ಮುಖ್ಯವಾದ ಗ್ರಂಥಗಳು ಐದು: ಮೈತ್ರೇಯನಾಥನ ಅಭಿಸಮಯಾಲಂಕಾರ, ಚಂದ್ರಕೀರ್ತಿಯ ಮಧ್ಯಮಕಾವತಾರ, ಧರ್ಮಕೀರ್ತಿಯ ಪ್ರಮಾಣವಾರ್ತಿಕ, ವಸುಬಂಧುವಿನ ಅಭಿಧರ್ಮಕೋಶ, ಗುಣಪ್ರಭನ ವಿನಯಸೂತ್ರ. ಈ ಐದರಲ್ಲಿ ಒಂದಾದರೂ ಟಿಬೆಟ್ಟಿನಲ್ಲಿ ಹುಟ್ಟಿದ್ದಲ್ಲ. ಐದೂ ಭರತಖಂಡದ ಆಚಾರ್ಯರವು, ಸಂಸ್ಕೃತದಲ್ಲಿ ರಚಿತವಾದವು.

ಇವು ಅಲ್ಲಿಗೆ ಹೋದದ್ದು ಹೇಗೆ? ಎಂಟನೆಯ ಶತಮಾನದಲ್ಲಿ ಶಾಂತರಕ್ಷಿತನೂ ಪದ್ಮಸಂಭವನೂ ಹಿಮಾಲಯವನ್ನು ದಾಟಿದರು. ಹನ್ನೊಂದನೆಯ ಶತಮಾನದಲ್ಲಿ ವಿಕ್ರಮಶಿಲೆಯ ಆಚಾರ್ಯ ಅತೀಶ ದೀಪಂಕರನು ತನ್ನ ಅರುವತ್ತನೆಯ ವಯಸ್ಸಿನ ಸುಮಾರಿಗೆ ನೇಪಾಳದ ಮಾರ್ಗವಾಗಿ ಹೊರಟು, ೧೦೪೨ರಲ್ಲಿ ಟಿಬೆಟ್ಟನ್ನು ಸೇರಿ, ಸ್ವದೇಶಕ್ಕೆ ಹಿಂದಿರುಗದೆ ೧೦೫೪ರಲ್ಲಿ ಅಲ್ಲಿಯೇ ದೇಹವನ್ನು ಬಿಟ್ಟನು. ಭಾರತದ ಪಂಡಿತನೊಬ್ಬನೂ ಟಿಬೆಟ್ಟಿನ ಭಾಷಾಂತರಕಾರನೊಬ್ಬನೂ ಎದುರುಬದುರಾಗಿ ಕುಳಿತು ಪದಕ್ಕೆ ಪದವನ್ನು ಸರಿಗೂಡಿಸಿ ಪರಿವರ್ತಿಸಿದರು. ಬುದ್ಧವಚನಗಳ ಸಂಗ್ರಹವಾದ ಕಂಗ್ಯೂರ್ ಸುಮಾರು ನೂರು ಸಂಪುಟಗಳಷ್ಟಾಯಿತು. ಶಾಸ್ತ್ರಗಳ ಸಂಗ್ರಹವಾದ ತೆಂಗ್ಯೂರ್ ಇನ್ನೂರನ್ನು ಮಿಕ್ಕಿತು. ಅವರ ಪುಸ್ತಕದ ಆಕಾರವು ಕೂಡ ನಮ್ಮ ಓಲೆಗರಿಯದೇ: ಉದ್ದವಾದ ಬಿಡಿ ಹಾಳೆಗಳು, ಮೇಲೆ ಕೆಳಗೆ ಎರಡು ಹಲಗೆಗಳು, ಸುತ್ತ ಬಟ್ಟೆ, ಅದರ ಮೇಲೆ ದಾರದ ಬಿಗಿತ. ತಾಳೆಯ ಮರವೇ ಬೆಳೆಯದ ನಾಡಿನಲ್ಲಿ ಕಾಗದವು ತಾಳೆಗರಿಯ ರೂಪವನ್ನು ತಾಳಿತು. ಹಾಗೆ ಕಟ್ಟಿದ ಪುಸ್ತಕವು ಬೆನ್ನಿಗೆ ಹೊಂದಿಕೊಂಡು ಕೂರುತ್ತದೆ. ಹೊರೆ ಹೆಚ್ಚಾದಾಗ ಬೇಕಾದ ಹಾಳೆಗಳನ್ನಷ್ಟೇ ಎತ್ತಿಕೊಳ್ಳಲೂಬಹುದು.

ಅತ್ತ ನಲಂದ ವಿಕ್ರಮಶಿಲೆಗಳು ಹಾಳಾದ ಮೇಲೆ ಮೂಲಗಳಲ್ಲಿ ಅನೇಕವು ಈ ನಾಡಿನಲ್ಲಿ ದೊರೆಯದೆ ಹೋದವು. ಪ್ರಮಾಣವಾರ್ತಿಕದ ಸಂಸ್ಕೃತ ಪ್ರತಿಗಾಗಿ ರಾಹುಲ ಸಾಂಕೃತ್ಯಾಯನರು ೧೯೨೯ರಿಂದ ೧೯೩೮ರೊಳಗೆ ನಾಲ್ಕು ಸಾರಿ ಟಿಬೆಟ್ಟಿಗೆ ಹೋಗಿಬರಬೇಕಾಯಿತು. ಕರ್ಣಾಟಕದ ಪಾಠಶಾಲೆಗಳಲ್ಲಿ ಬೌದ್ಧನು ಪೂರ್ವಪಕ್ಷಿಯಾಗಿ ಮಾತ್ರ ಉಳಿದನು. ಕನ್ನಡನಾಡಿನ ಜೈನರು ತಮ್ಮವನೆಂದು ಎಣಿಸುವ ಅಕಲಂಕನು ಧರ್ಮಕೀರ್ತಿಯನ್ನು ಖಂಡಿಸಿದನು. ವಿಜಯನಗರದ ಕಾಲದ ಮಾಧವನು ಸರ್ವದರ್ಶನಸಂಗ್ರಹದಲ್ಲಿ ಚಾರ್ವಾಕನ ಅನಂತರ ಬೌದ್ಧಮತವನ್ನು ಎತ್ತಿಕೊಂಡು ನಿರೂಪಿಸಿದನು. ಕದ್ರಿಯ ೯೬೮ರ ಲೋಕೇಶ್ವರವಿಗ್ರಹವೂ, ತಾರಾದೇವಿಯ ಆಲಯವನ್ನು ಹೇಳುವ ಡಂಬಳದ ೧೦೯೫ರ ಶಾಸನವೂ ಬೌದ್ಧರು ಇಲ್ಲಿ ಇದ್ದುದನ್ನು ನೆನಪಿಗೆ ತರುತ್ತವೆ. ವಾದವು ಪುಸ್ತಕದಲ್ಲಿ ಉಳಿದಿತ್ತು, ವಾದಿಯು ಇರಲಿಲ್ಲ. ಅಂತಹ ನಾಡಿಗೆ ಧರ್ಮಕೀರ್ತಿಯನ್ನು ಕಂಠದಲ್ಲಿ ಧರಿಸಿದವರು ಬಂದು ನೆಲಸಿದುದು ಸಾಮಾನ್ಯವಾದ ಸಂಗತಿಯಲ್ಲ.

೧೯೬೦ರಲ್ಲಿ ಮೈಸೂರು ಸರ್ಕಾರವು ಬೈಲಕುಪ್ಪೆಯಲ್ಲಿ ಸುಮಾರು ೩,೦೦೦ ಎಕರೆ ಭೂಮಿಯನ್ನು ಇವರಿಗಾಗಿ ಒದಗಿಸಿತು. ಲುಗ್ಸುಂಗ್ ಸಂಡುಪ್ಲಿಂಗ್ ಎಂಬ ಮೊದಲನೆಯ ನೆಲೆಯು ಆಗ ಕಾಡಾಗಿತ್ತು. ಬಿದಿರುಮೆಳೆಗಳನ್ನು ಕಡಿದು, ಡೇರೆಗಳಲ್ಲಿ ಮಲಗಿ, ಆನೆಗಳ ಕಾಟವನ್ನು ಸಹಿಸಿ, ಜವೆಗೋದಿ ಬೆಳೆದ ಕೈಗಳು ಮುಸುಕಿನ ಜೋಳವನ್ನೂ ರಾಗಿಯನ್ನೂ ಬಿತ್ತುವುದನ್ನು ಕಲಿತವು. ೧೯೬೯ರಲ್ಲಿ ಡಿಕಿ ಲಾರ್ಸೊ ಎಂಬ ಎರಡನೆಯ ನೆಲೆಯಾಯಿತು. ಬಕ್ಸಾದಿಂದ ಉಳಿದುಬಂದ ಸೆರಾದ ಸುಮಾರು ೩೦೦ ಭಿಕ್ಷುಗಳು ೧೯೭೦ರಲ್ಲಿ ಇಲ್ಲಿ ತಮ್ಮ ವಿಹಾರವನ್ನು ಮತ್ತೆ ಆರಂಭಿಸಿದರು. ಅದರ ನೆರೆಯ ವಿಹಾರಗಳಾಗಿದ್ದ ಡ್ರೆಪುಂಗ್ ಮತ್ತು ಗಂಡೆನ್‌ಗಳು ಉತ್ತರಕನ್ನಡದ ಮುಂಡಗೋಡಿನಲ್ಲಿ ನೆಲೆಗೊಂಡವು. ಟಿಬೆಟ್ಟಿನ ಪೂರ್ವಭಾಗದಿಂದ ಹೊರಟ ಪೆನೋರ್ ರಿಂಪೋಚೆಯವರ ಪ್ರಯಾಣವು ಎಲ್ಲಕ್ಕಿಂತ ದಾರುಣವಾದದ್ದು. ಹೊರಟಾಗ ಜೊತೆಯಲ್ಲಿದ್ದವರು ಸುಮಾರು ೩೦೦ ಮಂದಿ. ಭಾರತವನ್ನು ಜೀವಸಹಿತ ಸೇರಿದವರು ಸುಮಾರು ೩೦. ಅವರು ೧೯೬೩ರಲ್ಲಿ ಬಿದಿರಿನ ಸಣ್ಣದೊಂದು ಗುಡಿಯಲ್ಲಿ ಆರಂಭಿಸಿದ ನಾಮ್‌ಡ್ರೊಲಿಂಗ್ ವಿಹಾರವೇ ಇಂದು ಜನರು ಬಂಡಿಗಟ್ಟಲೆ ಬಂದು ನೋಡಿಹೋಗುವ ಸುವರ್ಣಮಂದಿರದ ನೆಲೆ. ಶಾಕ್ಯಮುನಿ, ಪದ್ಮಸಂಭವ, ಅಮಿತಾಯು ಇವರ ಬೃಹತ್ಪ್ರತಿಮೆಗಳುಳ್ಳ ಆ ಮಂದಿರವು ೧೯೯೯ರಲ್ಲಿ ಪೂರ್ಣವಾಯಿತು. ನೋಡುವವರ ಕಣ್ಣನ್ನು ಚಿನ್ನವು ಸೆಳೆಯುತ್ತದೆ. ಆದರೆ ಹಿಮದ ಕಣಿವೆಯನ್ನು ದಾಟಿಬಂದದ್ದು ಆ ಚಿನ್ನವಲ್ಲ. ಅದನ್ನು ಇಲ್ಲಿಗೆ ಬಂದ ಮೇಲೆ ಕೂಡಿಸಿದ್ದು.

ಬೆನ್ನಮೇಲೆ ಬಂದ ಹಾಳೆಗಳ ಗತಿಯನ್ನೂ ಹೇಳಬೇಕು. ೧೯೬೭ರಲ್ಲಿ ಸಾರನಾಥದಲ್ಲಿ ಟಿಬೆಟ್ಟಿನ ಉಚ್ಚವಿದ್ಯೆಗಾಗಿ ಒಂದು ಸಂಸ್ಥೆಯು ಏರ್ಪಟ್ಟಿತು. ಅಲ್ಲಿಯ ಪಂಡಿತರು ನಷ್ಟವಾದ ಗ್ರಂಥಗಳನ್ನು ಟಿಬೆಟ್ಟಿನ ಭಾಷೆಯಿಂದ ಮತ್ತೆ ಸಂಸ್ಕೃತಕ್ಕೆ ತಿರುಗಿಸುವ ಕಾರ್ಯವನ್ನು ಕೈಗೊಂಡರು. ದೆಹಲಿಯಲ್ಲಿ ೧೯೬೮ರಿಂದ ಜೀನ್ ಸ್ಮಿತ್ ಎಂಬ ಅಮೆರಿಕದ ವಿದ್ವಾಂಸರು ವಲಸೆಬಂದವರ ಬಳಿಯಿದ್ದ ಪ್ರತಿಗಳನ್ನು ಹುಡುಕಿ ಮರುಮುದ್ರಣ ಮಾಡಿಸಿದರು. ಇದಕ್ಕೆ ಹಣ ಬಂದ ಬಗೆಯೂ ವಿಚಿತ್ರ: ಭಾರತಕ್ಕೆ ಮಾರಿದ ಅಮೆರಿಕದ ಧಾನ್ಯಕ್ಕೆ ಬೆಲೆಯಾಗಿ ರೂಪಾಯಿಯಲ್ಲಿ ಸಂದ ಹಣದಲ್ಲಿ ಒಂದು ಭಾಗವು ಪುಸ್ತಕಗಳಿಗೆ ವಿನಿಯೋಗವಾಗುತ್ತಿತ್ತು. ಹೀಗೆ ಒಬ್ಬ ಭಿಕ್ಷುವಿನ ಅಂಗಿಯ ಮಡಿಕೆಯಲ್ಲಿ ಬಂದ ಕಟ್ಟು ಸಮುದ್ರದಾಚೆಯ ವಿಶ್ವವಿದ್ಯಾಲಯಗಳ ಪುಸ್ತಕಭಂಡಾರಗಳನ್ನು ಸೇರಿತು.

ಇನ್ನು, ಕಂಠದಲ್ಲಿ ವಿದ್ಯೆಯನ್ನು ಧರಿಸುವ ಪದ್ಧತಿಯು ಟಿಬೆಟ್ಟಿನವರಿಗೆ ಮಾತ್ರ ಸೇರಿದ್ದೆಂದು ಭಾವಿಸಬಾರದು. ನಮ್ಮ ಘನಪಾಠಿಗಳ ವಿಷಯವು ಸರ್ವವಿದಿತವಾದದ್ದು. ಕೊಡಗಿನಲ್ಲಿಯೇ ತಲೆತಲಾಂತರದಿಂದ ದುಡಿಯ ಸದ್ದಿಗೆ ಹಾಡಿಕೊಂಡು ಬಂದ ಹಾಡುಗಳನ್ನೂ ಕಟ್ಟುಕಟ್ಟಳೆಗಳನ್ನೂ ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ, ಕನ್ನಡ ಲಿಪಿಯಲ್ಲಿ ‘ಪಟ್ಟೋಲೆ ಪಳಮೆ’ಯೆಂದು ೧೯೨೪ರಲ್ಲಿ ಅಚ್ಚುಮಾಡಿಸಿದರು. ಅವರು ಆ ಶ್ರಮವನ್ನು ವಹಿಸದೆ ಇದ್ದಿದ್ದರೆ ಹಾಡುವ ವೃದ್ಧರೊಡನೆ ಎಷ್ಟು ಹಾಡುಗಳು ಮಣ್ಣುಗೂಡುತ್ತಿದ್ದವೋ! ಕಂಠದ ಹೊರೆಯು ಹಗುರ, ನಿಜ. ಆದರೆ ಇನ್ನೊಂದು ಕಂಠಕ್ಕೆ ದಾಟಿಸದಿದ್ದರೆ ಅದರ ಆಯುಸ್ಸು ಒಂದೇ ಜನ್ಮದ್ದು.

ಈ ಮಾತು ಇಂದು ಬೈಲಕುಪ್ಪೆಗೂ ತಗಲುತ್ತದೆ. ಅಲ್ಲಿ ಹುಟ್ಟಿ ಬೆಳೆದ ತರುಣರಲ್ಲಿ ಅನೇಕರು ಈಚಿನ ವರ್ಷಗಳಲ್ಲಿ ಅಮೆರಿಕ, ಕೆನಡಾ, ಯೂರೋಪು ಖಂಡಗಳಿಗೆ ಹೊರಟುಹೋಗುತ್ತಿದ್ದಾರೆ; ನೆಲೆಗಳಲ್ಲಿ ಮನೆಗಳು ಬರಿದಾಗುತ್ತಿವೆ. ಕೊಡಗಿನ ಮತ್ತು ಮೈಸೂರಿನ ಮನೆಗಳಿಂದಲೂ ಮಕ್ಕಳು ಹಾಗೆಯೇ ಹೊರಡುತ್ತಾರೆ. ಹಿಂದಿನವರ ಹೊರೆಯನ್ನು ಹಿಮವೂ ಭಯವೂ ಅಳೆದವು. ಇಂದಿನವರದನ್ನು ವಿಮಾನನಿಲ್ದಾಣದ ತಕ್ಕಡಿಯು ಅಳೆಯುತ್ತದೆ. ಉಪ್ಪಿನಕಾಯಿ, ಸಾರಿನಪುಡಿ, ಬಟ್ಟೆಬರೆಗಳನ್ನು ತೂಗಿ ತೂಗಿ ತುಂಬುವ ತಾಯಿತಂದೆಗಳು, ತೂಕವಿಲ್ಲದ ಪದಾರ್ಥವೊಂದನ್ನು ಮಗುವಿನ ಹತ್ತನೆಯ ವಯಸ್ಸಿನೊಳಗೇ ಕಟ್ಟಿಕೊಡಬೇಕಾಗಿತ್ತೆಂಬುದನ್ನು ಅನೇಕ ವೇಳೆ ತಡವಾಗಿ ನೆನೆಯುತ್ತಾರೆ. ಹೊರಡುವ ದಿನ ಅದನ್ನು ಪೆಟ್ಟಿಗೆಗೆ ಸೇರಿಸುವುದಕ್ಕಾಗುವುದಿಲ್ಲ.

ಸೆರಾದ ಅಂಗಳದಲ್ಲಿ ಇಂದಿಗೂ ಎಳೆಯ ಭಿಕ್ಷುಗಳು ಸಾಲುಸಾಲಾಗಿ ನಿಂತು ಧರ್ಮಕೀರ್ತಿಯ ಪ್ರಮಾಣವಿಚಾರವನ್ನು ಹಿಡಿದು ವಾದಮಾಡುತ್ತಾರೆ; ಅವರ ಕೈತಟ್ಟಿನ ಸದ್ದು ಸುತ್ತಣ ಜೋಳದ ಹೊಲಗಳವರೆಗೆ ಕೇಳುತ್ತದೆ. ಕುಶಾಲನಗರದವರು ಆ ಸದ್ದನ್ನು ಕೇಳುವುದಕ್ಕಾಗಿಯಾದರೂ ಒಮ್ಮೆ ಸೇತುವೆಯನ್ನು ದಾಟಿಹೋಗಬೇಕು.